ಸೊಂಟ ನೋವಿಗೆ ಮಂಚ ಮದ್ದಾದದ್ದು ಹೇಗೆ, ಮದ್ದಲ್ಲವೆಂದು ತಿಳಿದದ್ದು ಹೇಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ, ಉಪ್ಪಳ ಕಡೆಯಿಂದ ಮಂಗಳೂರಿಗೆ ಹೋಗುವ ಬಸ್ಸುಗಳಲ್ಲಿ ಎಂಆರ್‌ಐ ಫಿಲ್ಮಿನ ದೊಡ್ಡ ಲಕೋಟೆ ಹಿಡಿದವರು ಕಾಣಸಿಗುತ್ತಾರೆ. ಅಡಿಕೆಗೊನೆ ಹೊತ್ತವರು, ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟಿದವರು, ಮುರಕಲ್ಲಿನ ಕೋರೆಯಲ್ಲಿ ದುಡಿದವರು. ಏನಾಯಿತೆಂದು ವಿಚಾರಿಸಿದರೆ "ಡಿಸ್ಕ್ ಜಾರಿದೆಯಂತೆ" ಎನ್ನುತ್ತಾರೆ. ಆಮೇಲೆ ಸೊಂಟಕ್ಕೆ ಬೆಲ್ಟ್, ಕೆಲವು ದಿನ ಕರೆಂಟು ಕೊಡಿಸುವುದು, ತೂಕ ಕಟ್ಟಿ ಎಳೆಸುವುದು, ಇನ್ನು ಬಗ್ಗಲೇಬೇಡಿ ಎಂಬ ಕಟ್ಟಪ್ಪಣೆ. ಇವುಗಳಲ್ಲಿ ಹಲವಕ್ಕೆ ಸಂಶೋಧನೆಯ ಬೆಂಬಲ ತಪ್ಪಿ ವರ್ಷಗಳೇ ಆದವು. ಆದರೂ ಅವು ಹೀಗೆ ಬೇರುಬಿಟ್ಟದ್ದು ಯಾಕೆಂದು ತಿಳಿಯಲು 1934ಕ್ಕೆ ಹೋಗಬೇಕು.

ಆ ವರ್ಷ ಅಮೆರಿಕದ ಬಾಸ್ಟನ್‌ನಲ್ಲಿ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು, ಬೆನ್ನೆಲುಬಿನ ಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಒಡೆದು ನರವನ್ನು ಒತ್ತುವುದರಿಂದ ಕಾಲಿಗೆ ಹರಿಯುವ ನೋವು ಬರಬಹುದೆಂದು ತೋರಿಸಿಕೊಟ್ಟರು. ಅದು ನಿಜವಾದ, ದೊಡ್ಡ ಶೋಧ. ತೊಂದರೆಯಾದದ್ದು, ಕೆಲವರಿಗಷ್ಟೇ ಹೊಂದುವ ಆ ವಿವರಣೆಯನ್ನು ಸೊಂಟ ಹಿಡಿದುಕೊಂಡ ಎಲ್ಲರಿಗೂ ಹಚ್ಚಿದ್ದರಿಂದ. ಒಳಗೇನೋ ಮುರಿದಿದೆ ಎಂದ ಮೇಲೆ ಅಲ್ಲಾಡದೆ ಮಲಗುವುದೇ ಸರಿ ಎನಿಸುವುದು ಸಹಜ. ಮಂಚ ಮದ್ದಾದದ್ದು ಹೀಗೆ.

ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ಇದಕ್ಕೆ ಅಡ್ಡ ಬರುವ ಒಂದು ಘಟನೆ ನಡೆಯಿತು. ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಅವರ ರೋಗಿಯೊಬ್ಬರು ತಲೆಭಾಗ ಎತ್ತರಿಸಿಟ್ಟಿದ್ದ ಮಂಚದ ಮೇಲೆ ಕವುಚಿ ಮಲಗಿಬಿಟ್ಟರು. ಸೊಂಟ ಹಿಂದಕ್ಕೆ ಬಾಗಿದ ಆ ಭಂಗಿ ಆಗಿನ ತಿಳಿವಳಿಕೆಯಂತೆ ಅಪಾಯದ್ದು. ಎದ್ದು ನೋಡಿದರೆ ಕಾಲಿನ ನೋವೇ ಇಳಿದಿತ್ತು. ರೋಗಿಯನ್ನು ಅತ್ತಿತ್ತ ಬಾಗಿಸಿ, ನೋವು ಎತ್ತ ಸರಿಯುತ್ತದೆಂದು ನೋಡಿ ಚಿಕಿತ್ಸೆ ನಿರ್ಧರಿಸುವ ಪದ್ಧತಿಯನ್ನು ಮೆಕೆಂಜಿ ಮುಂದೆ ಬೆಳೆಸಿದರು. ಕಾಲಿನಿಂದ ನೋವು ಸೊಂಟದತ್ತ ಹಿಂಜರಿದರೆ ಒಳ್ಳೆಯ ಲಕ್ಷಣ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಇನ್ನೊಂದು ಮಾತು ಹೇಳಿದರು: ದೇಹದಿಂದ ಬರುವ ನೋವಿನ ಸಂಕೇತವನ್ನು ಬೆನ್ನುಹುರಿಯಲ್ಲೇ ತಡೆಯಲೂಬಹುದು, ಹಾಯಗೊಡಲೂಬಹುದು, ಅದರಲ್ಲಿ ಮಿದುಳಿನ ಕೈಯೂ ಇದೆ. ಗಾಯದಷ್ಟೇ ನೋವು ಎಂಬ ಲೆಕ್ಕ ಅಲ್ಲಿಗೆ ಸಡಿಲವಾಯಿತು.

ಮಂಚದ ಮೇಲಿನ ನಂಬಿಕೆಗೆ ನೇರ ಏಟು ಬಿದ್ದದ್ದು 1986ರಲ್ಲಿ. ಅಮೆರಿಕದ ರಿಚರ್ಡ್ ಡೇಯೊ ಮತ್ತು ಸಂಗಡಿಗರು ಸೊಂಟ ನೋವಿನವರಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿದರು. ಹೆಚ್ಚು ಮಲಗಿದವರಿಗೆ ಹೆಚ್ಚು ಗುಣವೇನೂ ಆಗಲಿಲ್ಲ. ಕೆಲಸ ಮಾತ್ರ ಹೆಚ್ಚು ತಪ್ಪಿತು, ಸರಾಸರಿ 3.1 ದಿನದ ಜಾಗದಲ್ಲಿ 5.6 ದಿನ. 1995ರಲ್ಲಿ ಹೆಲ್ಸಿಂಕಿಯ ಅಧ್ಯಯನ ಇನ್ನೂ ಮುಂದೆ ಹೋಯಿತು. ಮಲಗಿದವರಿಗಿಂತಲೂ, ನೋವು ಇರುವಾಗಲೇ ವ್ಯಾಯಾಮಕ್ಕೆ ಹಚ್ಚಲ್ಪಟ್ಟವರಿಗಿಂತಲೂ, ತಾಳಿಕೊಳ್ಳುವಷ್ಟು ದಿನದ ಕೆಲಸ ಮಾಡಿಕೊಂಡಿದ್ದವರೇ ಬೇಗ ಚೇತರಿಸಿದರು.

ಇನ್ನು ಆ ಲಕೋಟೆಯ ವಿಚಾರ. 1994ರಲ್ಲಿ ಸೊಂಟ ನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದಾಗ ಶೇ. 52 ಮಂದಿಯಲ್ಲಿ ಡಿಸ್ಕ್ ಉಬ್ಬಿತ್ತು. 2015ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದಾಗ, ನೋವಿಲ್ಲದ ಇಪ್ಪತ್ತರ ಪ್ರಾಯದವರಲ್ಲೇ ಶೇ. 37ರಷ್ಟು ಜನರಿಗೆ ಡಿಸ್ಕ್ ಸವೆದಿತ್ತು. ಎಂಬತ್ತರ ಹೊತ್ತಿಗೆ ಶೇ. 96. ತಲೆ ನರೆಯುವ ಹಾಗೆ ಡಿಸ್ಕೂ ಸವೆಯುತ್ತದೆ. ಇದನ್ನು ಹೇಳದೆ ಫಿಲ್ಮನ್ನಷ್ಟೇ ಕೈಗಿತ್ತು ಕಳುಹಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಮೂತ್ರ ಕಟ್ಟುವುದು, ಅದರ ಮೇಲಿನ ಹಿಡಿತ ತಪ್ಪುವುದು, ತೊಡೆಸಂದಿ ಜೋಮು ಹಿಡಿಯುವುದು, ಕಾಲಿನ ಬಲ ಕುಸಿಯುತ್ತಾ ಬರುವುದು, ಬಿದ್ದ ಪೆಟ್ಟು, ಜ್ವರ, ಹಿಂದೆ ಕ್ಯಾನ್ಸರ್ ಆಗಿದ್ದದ್ದು: ಇಂಥವಿದ್ದರೆ ಮಾತೇ ಬೇರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಫಿಲ್ಮೊಂದೇ ಸಾಲದೆಂದಾದರೆ ಫಿಸಿಯೋಥೆರಪಿಸ್ಟ್ ಏನನ್ನು ಅಳೆಯಬೇಕು? ಸ್ಕಾಟ್ಲೆಂಡಿನ ಮೂಳೆ ಶಸ್ತ್ರವೈದ್ಯ ಗಾರ್ಡನ್ ವಾಡೆಲ್ 1987ರಲ್ಲೇ ದೇಹದ ಜೊತೆ ಮನಸ್ಸನ್ನೂ ರೋಗಿಯ ಸುತ್ತಲಿನ ಬದುಕನ್ನೂ ನೋಡಿ ಎಂದಿದ್ದರು. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದವರು ಅದನ್ನು ಒಂಬತ್ತು ಪ್ರಶ್ನೆಗಳಿಗೆ ಇಳಿಸಿದರು. ನೋವು ಕಾಲಿಗೂ ಹರಡಿದೆಯೇ, ನಡೆದಾಡಲು ಹೆದರಿಕೆಯೇ, ಇದು ವಾಸಿಯಾಗದು ಎನಿಸುತ್ತಿದೆಯೇ ಎಂಬಂಥವು. ಉತ್ತರ ನೋಡಿ, ಯಾರಿಗೆ ಧೈರ್ಯದ ಮಾತು ಸಾಕು, ಯಾರಿಗೆ ಹೆಚ್ಚು ಆರೈಕೆ ಬೇಕೆಂದು ವಿಂಗಡಿಸುವುದು. 2011ರ ಪರೀಕ್ಷೆಯಲ್ಲಿ ಹೀಗೆ ವಿಂಗಡಿಸಿದವರಿಗೆ ಫಲವೂ ಚೆನ್ನಾಗಿತ್ತು, ಖರ್ಚೂ ಕಡಿಮೆ.

ನಮ್ಮೂರಿನ ತೊಡಕು ಇಲ್ಲಿದೆ. ಚಿಕಿತ್ಸಕರು ಮಲಯಾಳದವರು, ರೋಗಿ ಕನ್ನಡದವರೋ ತುಳುವಿನವರೋ ಆದಾಗ ಮಧ್ಯೆ ಮಗನೋ ಸೊಸೆಯೋ ನಿಂತು ಹೇಳಬೇಕು. ಹತ್ತರಲ್ಲಿ ಎಷ್ಟು ನೋವು ಎಂದರೆ ಎಂಟು ಎಂದು ದಾಟಿಸಬಹುದು. ಇನ್ನು ತೋಟಕ್ಕಿಳಿಯಲಾರೆನೇನೋ ಎಂಬ ಅಳುಕನ್ನು ಸೊಸೆಯ ಬಾಯಿಂದ ಯಾರು ಹೇಳಿಸುತ್ತಾರೆ?

2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ಹೊರಡಿಸಿತು. ತಿಳಿವಳಿಕೆ ಕೊಡುವುದು, ವ್ಯಾಯಾಮ, ಮನಸ್ಸಿನ ಆರೈಕೆ ಪಟ್ಟಿಯಲ್ಲಿವೆ. ಬೆಲ್ಟನ್ನೂ ತೂಕ ಕಟ್ಟಿ ಎಳೆಯುವುದನ್ನೂ ಬೇಡವೆಂದಿದೆ. 2024ರಲ್ಲಿ ಆಸ್ಟ್ರೇಲಿಯಾದವರು, ನೋವು ವಾಸಿಯಾದ 701 ಜನರಲ್ಲಿ ಕೆಲವರನ್ನು ಫಿಸಿಯೋ ಮಾರ್ಗದರ್ಶನದಲ್ಲಿ ಮೆಲ್ಲನೆ ನಡಿಗೆಗೆ ಹಚ್ಚಿದರು. ವಾರಕ್ಕೆ ಐದು ಸಲ ಅರ್ಧ ಗಂಟೆಯ ನಡಿಗೆಯೇ ಗುರಿ. ನಡೆದವರಿಗೆ ನೋವು ಮರುಕಳಿಸಲು ಸುಮಾರು 208 ದಿನ ಹಿಡಿಯಿತು, ಉಳಿದವರಿಗೆ 112.

ನಡಿಗೆಗೆ ದುಡ್ಡು ಬೇಡ ನಿಜ, ಹೊತ್ತು ಬೇಕು. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆಯುವ ಹೆಂಗಸಿಗೆ ಅರ್ಧ ಗಂಟೆ ಎದ್ದರೆ ಅಷ್ಟು ಬೀಡಿ ಕಡಿಮೆ, ಅಷ್ಟು ಕೂಲಿ ಕಡಿಮೆ. ಅವಳಿಗೆ ನಡೆಯಿರಿ ಎಂದು ಚೀಟಿ ಬರೆಯುವವರು ಆ ಲೆಕ್ಕವನ್ನೂ ಅವಳ ಜೊತೆ ಕೂತು ಮಾಡಬೇಕು.