ಮೆಸೆಲ್ ಸರೋವರದ ಮೀನು, ಕಪ್ಪೆ, ಆಮೆ: ಮೊದಲು ನೀರನ್ನು ಓದಿ

ಪಳೆಯುಳಿಕೆಗಳಿಗೆ ಹೆಸರಾದ ಮೆಸೆಲ್ ಅಂದ ತಕ್ಷಣ ಎಲ್ಲರೂ ಪುಟ್ಟ ಕುದುರೆ, ಬಾವಲಿ ಅಂತ ಸಸ್ತನಿಗಳ ಕಡೆಗೇ ಹೋಗುತ್ತಾರೆ. ಅಲ್ಲಿನ ಮೀನು, ಕಪ್ಪೆ, ಆಮೆಗಳಿಂದ ಶುರು ಮಾಡಿದರೆ ಇಡೀ ಜಾಗ ಬೇಗ ಅರ್ಥವಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಯಾಕಂದರೆ ಅವುಗಳ ಕಥೆಯೆಲ್ಲ ಆ ನೀರಿನ ಕಥೆಯೇ.

ಜಾಗ ಇರುವುದು ಜರ್ಮನಿಯ ಹೆಸ್ಸೆ ರಾಜ್ಯದಲ್ಲಿ, ಡಾರ್ಮ್‌ಸ್ಟಾಟ್ ಹತ್ತಿರ. ಕಾಲ ಇಯೊಸೀನ್, ಈಗಿನಿಂದ ಸುಮಾರು 4.8 ಕೋಟಿ ವರ್ಷ ಹಿಂದೆ. ನೆಲದಡಿಯಿಂದ ಮೇಲೇರಿದ ಶಿಲಾಪಾಕಕ್ಕೆ ಅಂತರ್ಜಲ ತಗುಲಿ ಭಾರಿ ಸ್ಫೋಟವಾಯಿತು, ಆಳವಾದ ಗುಂಡಿ ಬಿತ್ತು, ಆಮೇಲೆ ಅದರಲ್ಲಿ ನೀರು ತುಂಬಿಕೊಂಡಿತು. ಇಂಥ ಸರೋವರಕ್ಕೆ ಮಾರ್ ಅಂತಾರೆ. 2001ರಲ್ಲಿ 433 ಮೀಟರ್ ಆಳಕ್ಕೆ ಕೊರೆದು ನೋಡಿದಾಗ, ಶೇಲ್ (ಕೆಸರು ಗಟ್ಟಿಯಾಗಿ ಆದ ಕಲ್ಲು) ಪದರಗಳ ಕೆಳಗೆ ಜ್ವಾಲಾಮುಖಿ ಸ್ಫೋಟದ ಕಲ್ಲುಗಳು ಸಿಕ್ಕಿ ಈ ಮಾತು ಖಚಿತವಾಯಿತು.

ಈಗ ಮುಖ್ಯ ವಿಷಯ. ಅಗಲ ಕಡಿಮೆ, ಆಳ ಜಾಸ್ತಿ. ಗಾಳಿ ಎಷ್ಟೇ ಬೀಸಿದರೂ ತಳದ ನೀರು ಮೇಲಕ್ಕೆ ಬಂದು ಬೆರೆಯುವುದಿಲ್ಲ. ಹಾಗಾಗಿ ಮೇಲಿನ ಪದರದಲ್ಲಿ ಆಮ್ಲಜನಕ, ಜೀವ, ಓಡಾಟ ಎಲ್ಲ ಇದೆ. ತಳದಲ್ಲಿ ಆಮ್ಲಜನಕವೇ ಇಲ್ಲ. ಅಲ್ಲಿಗೆ ಮುಳುಗಿದ ಹೆಣವನ್ನು ಎಳೆದಾಡಲು ಯಾವ ಪ್ರಾಣಿಯೂ ಇಲ್ಲ, ಕೆಸರನ್ನು ಕದಡಲು ಹುಳವೂ ಇಲ್ಲ. ಅದಕ್ಕೇ ಮೂಳೆಗಳು ಜೋಡಿಸಿದ ಹಾಗೇ ಉಳಿದಿವೆ. ಕೆಸರು ಕೂತದ್ದು ವರ್ಷಕ್ಕೆ ಸುಮಾರು 0.1 ಮಿಲಿಮೀಟರ್ ಲೆಕ್ಕದಲ್ಲಿ, ಅಂದರೆ ಒಂದು ಮೀಟರ್ ಕಲ್ಲು ಕೈಗೆ ಸಿಕ್ಕರೆ ಹತ್ತು ಸಾವಿರ ವರ್ಷದ ಹತ್ತಿರ ಹತ್ತಿರ ಕೈಯಲ್ಲಿದೆ ಅಂತ!

ಮೀನಿಗೆ ಬರೋಣ. ಜಾಸ್ತಿ ಸಿಗುವ ಮೀನುಗಳಲ್ಲಿ ಎರಡು ಹೆಸರು ನೆನಪಿಡಿ: ಗಾರ್ ಗುಂಪಿನ ಅಟ್ರಾಕ್ಟೊಸ್ಟಿಯಸ್, ಬೋಫಿನ್ ಗುಂಪಿನ ಸೈಕ್ಲುರಸ್. ಈ ಎರಡೂ ಗುಂಪಿನ ಮೀನುಗಳು ಇವತ್ತಿಗೂ ಉತ್ತರ ಅಮೆರಿಕದಲ್ಲಿವೆ. ನೀರಲ್ಲಿ ಆಮ್ಲಜನಕ ಕಡಿಮೆಯಾದಾಗ ಅವು ಮೇಲೆ ಬಂದು ಬಾಯಿಂದ ಗಾಳಿ ಎಳೆದುಕೊಳ್ಳುತ್ತವೆ. ಈ ಸರೋವರದಲ್ಲಿ ಇವುಗಳೇ ಯಾಕೆ ಅಷ್ಟು ಚೆನ್ನಾಗಿ ಬಾಳಿದವು ಅಂತ ಯೋಚಿಸುವಾಗ ಈ ಗುಣ ಮನಸ್ಸಿನಲ್ಲಿರಲಿ. ಪರ್ಚ್ ಥರದ ಮೀನುಗಳೂ ಇದ್ದವು. ಹಾವುಮೀನು ಮಾತ್ರ ತೀರಾ ಅಪರೂಪ. ಅದರ ಬಳಗ ಮರಿ ಮಾಡುವುದು ಸಮುದ್ರದಲ್ಲಿ, ಹಾಗಾದರೆ ಒಂದು ಕಾಲಕ್ಕಾದರೂ ಈ ಸರೋವರಕ್ಕೆ ಹೊಳೆಯ ಸಂಪರ್ಕ ಇದ್ದಿರಬೇಕು, ಅಲ್ವಾ?

ಉಭಯಚರಗಳು ಕಡಿಮೆ. ಇಯೊಪೆಲೊಬೇಟಿಸ್ ಅನ್ನೋ ಕಪ್ಪೆ, ಕೆಲೊಟ್ರೈಟಾನ್ ಅನ್ನೋ ಸಾಲಮಾಂಡರ್, ಹೀಗೆ ಕೆಲವೇ ಹೆಸರು. ಆದರೆ ಸಿಕ್ಕಿದ್ದು ಕಡಿಮೆ ಅಂದರೆ ಬದುಕಿದ್ದೂ ಕಡಿಮೆ ಅಂತ ಬರೆಯಬೇಡಿ. ಕಪ್ಪೆಗಳಿಗೆ ದಡ ಬೇಕು, ನಮಗೆ ಅಗೆಯಲು ಉಳಿದಿರುವುದು ಹೆಚ್ಚಾಗಿ ಆಳದ ಕೆಸರು.

ಸರೀಸೃಪಗಳಲ್ಲಿ ಮೊಸಳೆಗಳದ್ದೂ ದೊಡ್ಡ ಪಟ್ಟಿ. ಸುಮ್ನೆ ಎರಡು ಹೆಸರು ಸಾಕು: ಡಿಪ್ಲೊಸೈನೊಡಾನ್, ಅದಕ್ಕಿಂತ ದೊಡ್ಡದಾದ ಏಷ್ಯಾಟೊಸೂಕಸ್.

ನನಗೆ ತುಂಬಾ ಇಷ್ಟವಾದದ್ದು ಅಲ್ಲೆಯೊಕೆಲಿಸ್ ಕ್ರಾಸೆಸ್ಕಲ್ಪ್ಟಾ ಅನ್ನೋ ಆಮೆ. ಇವು ಜೋಡಿ ಜೋಡಿಯಾಗಿ ಸಿಕ್ಕಿವೆ, ಒಟ್ಟು ಒಂಬತ್ತು ಜೋಡಿ. ಪ್ರತಿ ಜೋಡಿಯಲ್ಲೂ ಒಂದು ಗಂಡು, ಒಂದು ಹೆಣ್ಣು. ಕೆಲವು ಜೋಡಿಗಳಲ್ಲಿ ಗಂಡಿನ ಬಾಲ ಹೆಣ್ಣಿನ ಚಿಪ್ಪಿನ ಕೆಳಗೆ ಸೇರಿಕೊಂಡಿದೆ. ಕೂಡುತ್ತಿದ್ದಾಗಲೇ ಸತ್ತವು ಅಂತ 2012ರಲ್ಲಿ ವಿಜ್ಞಾನಿಗಳು ವಿವರಿಸಿದರು. ಬೆನ್ನೆಲುಬಿನ ಪ್ರಾಣಿಗಳಲ್ಲಿ ಇಂಥ ಪಳೆಯುಳಿಕೆ ಇದೇ ಮೊದಲು. ಕೂಡುವಾಗ ಈಜು ನಿಲ್ಲುತ್ತದೆ, ಜೋಡಿ ನಿಧಾನಕ್ಕೆ ಕೆಳಗಿಳಿಯುತ್ತದೆ. ಈ ಆಮೆಗಳ ಚರ್ಮ ನೀರಿನಿಂದ ಆಮ್ಲಜನಕ ಹೀರುವಂಥದ್ದಾಗಿತ್ತು, ಹಾಗಾಗಿ ಮೇಲಿನ ನೀರಿನಲ್ಲಿ ಅವಕ್ಕೆ ಅನುಕೂಲವಾಗಿದ್ದ ಆ ಚರ್ಮವೇ ತಳದ ಕೆಟ್ಟ ನೀರಿಗೆ ಇಳಿದಾಗ ವಿಷವನ್ನು ಒಳಗೆ ಬಿಟ್ಟುಕೊಂಡಿರಬೇಕು ಅನ್ನುವುದು ಅವರ ವಾದ. ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ: ಆಮೆಗಳು ಅಲ್ಲಿ ಕೂಡುತ್ತಿದ್ದವು ಅಂದಮೇಲೆ ಮೇಲಿನ ನೀರು ಚೆನ್ನಾಗಿಯೇ ಇತ್ತು. ಇಡೀ ಸರೋವರವೇ ವಿಷವಾಗಿದ್ದರೆ ಅವು ಅಲ್ಲಿಗೆ ಬರುತ್ತಲೇ ಇರಲಿಲ್ಲ.

ಇನ್ನೊಂದು ಮಾದರಿಯಲ್ಲಿ ಹಾವಿನ ಹೊಟ್ಟೆಯಲ್ಲಿ ಹಲ್ಲಿ ಜಾತಿಯ ಪ್ರಾಣಿ, ಅದರ ಹೊಟ್ಟೆಯಲ್ಲಿ ಒಂದು ಕೀಟ. ಹಾವನ್ನು ಮೊದಲು ಪೇಲಿಯೊಪೈಥಾನ್ ಅನ್ನುತ್ತಿದ್ದರು, ಈಗ ಇಯೊಕನ್‌ಸ್ಟ್ರಿಕ್ಟರ್. ಹಳೇ ಪುಸ್ತಕ ಓದುವವರು ಗಮನಿಸಿ.

ಕಲ್ಲಿನ ಬಗ್ಗೆ ಒಂದು ಮಾತು. ಈ ಆಯಿಲ್ ಶೇಲ್‌ನಲ್ಲಿ ಸುಮಾರು 40% ನೀರೇ. ಒಣಗಿದರೆ ಬಿರುಕು ಬಿಟ್ಟು ಪುಡಿಯಾಗುತ್ತದೆ, ಪಳೆಯುಳಿಕೆಯೂ ಅದರ ಜೊತೆಗೇ ಹೋಗುತ್ತದೆ. ಹಾಗಾಗಿ ಮೊದಲು ಪಳೆಯುಳಿಕೆಯ ಒಂದು ಮುಖವನ್ನು ಬಿಡಿಸಿ, ಅದರ ಮೇಲೆ ರೆಸಿನ್ (ಗಟ್ಟಿಯಾಗುವ ಅಂಟುದ್ರವ) ಹೊಯ್ದು, ಗಟ್ಟಿಯಾದ ಮೇಲೆ ಮಗುಚಿ ಹಿಂದಿನ ಕಲ್ಲನ್ನೆಲ್ಲ ತೆಗೆಯುತ್ತಾರೆ. ಚಿತ್ರಗಳಲ್ಲಿ ಮೂಳೆಯ ಹಿಂದೆ ಜೇನುಬಣ್ಣದ ಹಲಗೆ ಕಂಡರೆ ಅದು ರೆಸಿನ್, ಸರೋವರದ ಕೆಸರಲ್ಲ.