ಹಲಗಲಿಯ ಕಾಳಗ ಲಾವಣಿಯಲ್ಲಿ ಉಳಿದ ಬಗೆ

1857ರ ಸಂಗ್ರಾಮದ ಚರಿತ್ರೆ ಬರೆದವರು ದಿಲ್ಲಿ, ಕಾನಪುರ, ಲಖನೌಗಳಿಗೆ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾರೆ. ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಹಲಗಲಿಗೆ ಸಿಕ್ಕಿದ್ದು ಹೆಚ್ಚೆಂದರೆ ಒಂದೆರಡು ಸಾಲು. ಆ ವರ್ಷದ ನವೆಂಬರ್ ಕೊನೆಯಲ್ಲಿ ಅಲ್ಲಿ ನಡೆದ ಕಾಳಗ ಸೇನಾ ಲೆಕ್ಕದಲ್ಲಿ ಸಣ್ಣದೇ. ಆದರೂ ಕನ್ನಡ ಓದಿದವರಲ್ಲಿ ಆ ಊರಿನ ಹೆಸರು ಕೇಳದವರು ವಿರಳ. ಅದಕ್ಕೆ ಕಾರಣ ಒಂದು ಲಾವಣಿ.

ಹಲಗಲಿ ಆಗ ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಉತ್ತರದಲ್ಲಿ ಸಿಪಾಯಿಗಳು ದಂಗೆಯೆದ್ದ ಮೇಲೆ ಬೆದರಿದ ಕಂಪನಿ ಸರ್ಕಾರ, ಅನುಮತಿಯಿಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದೆಂಬ ನಿಶ್ಶಸ್ತ್ರೀಕರಣದ ಕಾಯ್ದೆಯನ್ನು ಅದೇ ವರ್ಷ ತಂದಿತು. ಬೇಟೆಯನ್ನೂ ಕಾವಲು ಕಾಯುವುದನ್ನೂ ತಲೆಮಾರುಗಳಿಂದ ಬದುಕಾಗಿಸಿಕೊಂಡಿದ್ದ ಬೇಡರಿಗೆ ಹತಾರವೆಂದರೆ ಅನ್ನವೂ ಹೌದು, ಮಾನವೂ ಹೌದು. ಅದನ್ನು ಒಪ್ಪಿಸಿ ರಸೀದಿ ಪಡೆದು ಮನೆಗೆ ಹೋಗುವುದು ಅವರ ಪಾಲಿಗೆ ಜೀವ ಬಿಟ್ಟಂತೆಯೇ ಎಂಬ ಭಾವ ಲಾವಣಿಯ ಉದ್ದಕ್ಕೂ ಇದೆ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರ ಮುಂದಾಳುತನದಲ್ಲಿ ಹಲಗಲಿಯವರು ಒಪ್ಪಲಿಲ್ಲ. ಕಂಪನಿಯ ಕುದುರೆ ಸೈನ್ಯ ಬಂದಿತು, ಊರಿಗೆ ಬೆಂಕಿ ಬಿದ್ದಿತು, ಅನೇಕರು ಸತ್ತರು, ನೂರಾರು ಜನ ಸೆರೆಯಾದರು. ಡಿಸೆಂಬರ್ ತಿಂಗಳಲ್ಲಿ ಮುಧೋಳದಲ್ಲಿ 13 ಮಂದಿಯನ್ನೂ ಹಲಗಲಿಯಲ್ಲಿಯೇ ಆರು ಮಂದಿಯನ್ನೂ ಗಲ್ಲಿಗೇರಿಸಲಾಯಿತು.

ಮರುವರ್ಷ ನರಗುಂದದ ಬಾಬಾಸಾಹೇಬರು ದಂಗೆಯೆದ್ದಾಗ ಅವರ ಹಿಂದೆ ಒಂದು ಸಂಸ್ಥಾನವಿತ್ತು, ದರ್ಬಾರಿತ್ತು, ಪತ್ರವ್ಯವಹಾರವಿತ್ತು. ಹಲಗಲಿಯ ಬೇಡರ ಪರವಾಗಿ ಕಾಗದಕ್ಕೆ ಮಸಿ ತಾಗಿಸುವವರು ಯಾರೂ ಇರಲಿಲ್ಲ. ಸರ್ಕಾರಿ ಕಡತಗಳಲ್ಲಿ ಅವರು ಕೇವಲ ದಂಗೆಕೋರರಾಗಿ ಉಳಿದರು. ಅವರ ಪರವಾಗಿ ನಿಂತದ್ದು ಡಪ್ಪು ಹಿಡಿದು ಊರೂರು ಅಲೆದ ಲಾವಣಿಕಾರರು. ಕುರ್ತಕೋಟಿಯ ದೇವರು ಕಲ್ಮೇಶನನ್ನು ನೆನೆಯುವ ಈ ಲಾವಣಿಯಲ್ಲಿ ಇಂಗ್ಲಿಷ್ ಅಧಿಕಾರಿಗಳು ಹೆಬಲಕ ಸಾಹೇಬ, ಕಾರಸಾಹೇಬರಾಗಿ ಹಳ್ಳಿಯ ನಾಲಗೆಗೆ ಒಗ್ಗಿಕೊಂಡಿದ್ದಾರೆ.

ಇದರ ನಿಜವಾದ ಶಕ್ತಿ ಇರುವುದು ಹೊಡೆದಾಟದ ವರ್ಣನೆಯಲ್ಲಲ್ಲ, ಲೂಟಿಯ ವರ್ಣನೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಊರು ಹೊಕ್ಕವರು ಒಯ್ದದ್ದೇನು ಎಂದು ಹೇಳುವಾಗ ಲಾವಣಿ ಚಿನ್ನದ ರಾಶಿಯ ಮಾತನ್ನು ಆಡುವುದಿಲ್ಲ. ಕೊಡಲಿ, ಹಾಲು, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ, ಗಂಗಳ, ಚರಗಿ, ಹೆಣ್ಣುಮಕ್ಕಳ ಮಂಗಳಸೂತ್ರ, ಕೊನೆಗೆ ಬೀಸುವ ಕಲ್ಲನ್ನೂ ಬಿಡಲಿಲ್ಲ ಎನ್ನುತ್ತದೆ. ಎಷ್ಟು ಮಂದಿ ಸತ್ತರು, ಯಾರು ಯಾರನ್ನು ಮೊದಲು ಹೊಡೆದರು ಎಂಬ ವಿಷಯಗಳಲ್ಲಿ ಲಾವಣಿಯನ್ನು ದಾಖಲೆಯಂತೆ ನಂಬುವುದು ಸರಿಯಲ್ಲ, ಹಾಡಿನಿಂದ ಹಾಡಿಗೆ ಅಂಥವು ಬದಲಾಗುತ್ತವೆ. ಆದರೆ ಜೀರಿಗೆಯ ಡಬ್ಬಿ ಹೋದದ್ದನ್ನೂ ಮರೆಯದ ಈ ಪಟ್ಟಿ, ಸುಟ್ಟ ಮನೆಯೊಳಗೆ ನಿಂತು ಏನೇನು ಉಳಿದಿಲ್ಲವೆಂದು ನೋಡಿದವರ ಕಣ್ಣಿನಿಂದಲೇ ಬಂದಿರಬೇಕು.

ಬಾಯಿಂದ ಬಾಯಿಗೆ ಸಾಗುತ್ತಿದ್ದ ಈ ಲಾವಣಿಯನ್ನು ಬರೆದಿಟ್ಟುಕೊಂಡು ಅಚ್ಚಿಗೆ ತಂದವರು ಜೆ. ಎಫ್. ಫ್ಲೀಟ್. ಶಾಸನಗಳ ಅಧ್ಯಯನಕ್ಕೆ ಹೆಸರಾದ ಫ್ಲೀಟ್ ಮುಂಬಯಿ ಆಡಳಿತದ ಅಧಿಕಾರಿ, ಅಂದರೆ ಹಲಗಲಿಯನ್ನು ಸುಟ್ಟ ಆಳ್ವಿಕೆಯ ಮುಂದುವರಿಕೆಯಾಗಿದ್ದ ಸರ್ಕಾರದ ನೌಕರ. 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯೊಂದಿಗೆ ಇದನ್ನೂ ಅವರು ಪ್ರಕಟಿಸಿದರು. ಆ ಕೆಲಸಕ್ಕಾಗಿ ಅವರಿಗೆ ಕನ್ನಡಿಗರು ಋಣಿಗಳಾಗಿರಬೇಕು.

ಸ್ವಾತಂತ್ರ್ಯಾನಂತರ ದಂಗೆಕೋರರು ಎಂಬ ಮಾತು ಹಿಂದೆ ಸರಿದು, ಹಲಗಲಿಯ ಬೇಡರು ಸ್ವಾತಂತ್ರ್ಯ ಹೋರಾಟಗಾರರ ಸಾಲಿಗೆ ಸೇರಿದರು. ಲಾವಣಿ ಹತ್ತನೆಯ ತರಗತಿಯ ಕನ್ನಡ ಪಠ್ಯಕ್ಕೂ ಬಂದು, ಆ ನಾಲ್ವರ ಹೆಸರನ್ನು ರಾಜ್ಯದ ಉದ್ದಗಲಕ್ಕೂ ಮಕ್ಕಳು ಬಾಯಿಪಾಠ ಮಾಡುವಂತಾಯಿತು. ಮೈಸೂರು ಸೀಮೆಯ ತರಗತಿಗಳಲ್ಲಿ ಗಂಗಳವೆಂದರೆ ಊಟದ ತಟ್ಟೆ, ಚರಗಿಯೆಂದರೆ ತಂಬಿಗೆ ಎಂದು ಅರ್ಥ ಹೇಳಬೇಕಾಗುತ್ತದೆ. ಮುಧೋಳದ ಸುತ್ತಲಿನ ಮಕ್ಕಳಿಗೆ ಅವು ಮನೆಯ ಅಡುಗೆಕೋಣೆಯಲ್ಲಿ ದಿನವೂ ಕೇಳುವ ಮಾತುಗಳು.