ಟೈಮಿಂಗ್ ಕೂರಿಸಿದರೂ ಹಳೆಯ ಗಾಡಿ ಮುಂಜಾನೆ ಚಾಲೂ ಆಗುವುದಿಲ್ಲ, ಏಕೆ?

ಪ್ರಶ್ನೆ: ನಮ್ಮ ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿ ಮುಂಜಾನೆ ಹತ್ತು ಹನ್ನೆರಡು ಸಲ ಸೆಲ್ಫ್ ಹೊಡೆದ ಮೇಲಷ್ಟೇ ಚಾಲೂ ಆಗುತ್ತದೆ. ಟೈಮಿಂಗ್ ಹೋಗಿದೆ ಎಂದು ಗ್ಯಾರೇಜಿನಲ್ಲಿ ಎರಡು ಸಲ ಕೂರಿಸಿ ಕೊಟ್ಟರು. ತಿಂಗಳೊಳಗೆ ಮತ್ತೆ ಅದೇ ಪಾಡು. ಟೈಮಿಂಗ್ ಪದೇ ಪದೇ ಏಕೆ ತಪ್ಪುತ್ತದೆ?
(ಸಪ್ತಾಪುರ, ಧಾರವಾಡದ ಓದುಗರು)

ಉತ್ತರ: ಟೈಮಿಂಗ್ ಎಂದರೆ ಸಿಲಿಂಡರಿನಲ್ಲಿ ಕಿಡಿ ಹಾರಬೇಕಾದ ಕ್ಷಣ; ಆ ಕಿಡಿಯನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವುದು ಡಿಸ್ಟ್ರಿಬ್ಯೂಟರ್. ಡಿಸ್ಟ್ರಿಬ್ಯೂಟರನ್ನು ಹಿಡಿದಿರುವ ಕ್ಲ್ಯಾಂಪ್ ಬೋಲ್ಟ್ ಬಿಗಿಯಾಗಿದ್ದರೆ ಟೈಮಿಂಗ್ ತಾನಾಗಿ ಸರಿಯುವುದಿಲ್ಲ. ಅದನ್ನು ಸರಿಸುವ ಭಾಗ ಬಹುತೇಕ ಡಿಸ್ಟ್ರಿಬ್ಯೂಟರಿನ ಒಳಗೇ ಇರುತ್ತದೆ. ಆ ಭಾಗವನ್ನು ಹಾಗೆಯೇ ಬಿಟ್ಟು ಹೊರಗಿನಿಂದ ತಿರುಗಿಸಿ ಕೂರಿಸಿದರೆ ಗಾಡಿ ಕೆಲವು ದಿನ ಸರಿಯಾಗಿ ಓಡಿ ಮತ್ತೆ ಮೊದಲಿನಂತಾಗುತ್ತದೆ. ‘ತಿಂಗಳೊಳಗೆ’ ಎಂದು ನೀವು ಬರೆದಿರುವುದರಿಂದ ನನ್ನ ಸಂಶಯ ಮೊದಲು ಅದರೊಳಗೆ ತೆರೆದು ಮುಚ್ಚುತ್ತಾ ಕರೆಂಟ್ ಕಡಿಯುವ ಸಿ.ಬಿ. (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟ್‌ಗಳ ಮೇಲೆ ಹೋಗುತ್ತದೆ.

ಅದಕ್ಕೂ ಮುನ್ನ ದೋಷ ಕಿಡಿಯದ್ದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುತ್ತಿರುವಾಗ ಅದು 9.5ಕ್ಕಿಂತ ಕೆಳಗಿಳಿದರೆ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ಗೆ ಸಾಕಷ್ಟು ಬಲ ಸಿಗದೆ ಕಿಡಿ ಸೊರಗುತ್ತದೆ; ಆಗ ಟೈಮಿಂಗ್ ಎಷ್ಟು ಕರಾರುವಾಕ್ಕಾಗಿದ್ದರೂ ಫಲವಿಲ್ಲ. ಬ್ಯಾಟರಿಯಿಂದ ಗಾಡಿಯ ಲೋಹದ ಮೈಗೆ ಬರುವ ಅರ್ಥ್ ಕೇಬಲ್‌ನ ತುದಿಯಲ್ಲಿ ಕಿಲುಬು ಹಿಡಿದಿದ್ದರೂ ಇದೇ ಆಗುತ್ತದೆ. ನಾಲ್ಕೈದು ಸಲ ಸೆಲ್ಫ್ ಹೊಡೆದ ಬಳಿಕ ಒಂದು ಪ್ಲಗ್ ಬಿಚ್ಚಿ ನೋಡಿರಿ. ತುದಿ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಕಿಡಿ ಸರಿಯಿಲ್ಲ ಅಥವಾ ಚೋಕ್ ಅತಿಯಾಗಿದೆ ಎಂದರ್ಥ. ಒಣಗಿದ್ದರೆ ಚೋಕ್ ಎಳೆದಾಗ ಕಾರ್ಬ್ಯುರೇಟರಿನ ಬಾಯಿ ನಿಜವಾಗಿ ಮುಚ್ಚುತ್ತದೆಯೇ, ಪಂಪಿನಿಂದ ಪೆಟ್ರೋಲ್ ಬರುತ್ತದೆಯೇ ಎಂಬುದನ್ನು ನೋಡಬೇಕು. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪ್‌ನ ಒಳಗೆ ಹನಿ ಕೂತು ಕಿಡಿ ದಾರಿ ತಪ್ಪುವುದುಂಟು. ಒಣ ಬಟ್ಟೆಯಿಂದ ಒರೆಸಿದ ಮೇಲೂ ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಕ್ಯಾಪ್ ಬದಲಿಸದೆ ಗತಿಯಿಲ್ಲ.

ಈಗ ಪಾಯಿಂಟ್‌ಗಳ ವಿಷಯ. ನಾಲ್ಕು ಸಿಲಿಂಡರಿನ ನಿಮ್ಮ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚುತ್ತದೆ; ಅದು ತೆರೆಯುವ ಕ್ಷಣದಲ್ಲೇ ಕಿಡಿ ಹುಟ್ಟುತ್ತದೆ. ಕ್ಯಾಮಿಗೆ, ಅಂದರೆ ಡಿಸ್ಟ್ರಿಬ್ಯೂಟರ್ ಶಾಫ್ಟಿನ ಉಬ್ಬುಗಳಿಗೆ, ಒರಗಿಕೊಂಡು ಪಾಯಿಂಟನ್ನು ಎತ್ತುವ ಫೈಬರ್ ತುಂಡು ಸವೆದಂತೆ ಪಾಯಿಂಟ್ ತೆರೆದಾಗಿನ ಸಂದು, ಅಂದರೆ ಗ್ಯಾಪ್, ಕಿರಿದಾಗುತ್ತದೆ, ಗ್ಯಾಪ್ ಕಿರಿದಾದಂತೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಹಾಗಾಗಿ ಯಾರೂ ಮುಟ್ಟದೆಯೇ ಟೈಮಿಂಗ್ ರಿಟಾರ್ಡ್ ಆಗುತ್ತದೆ, ಅಂದರೆ ಕಿಡಿ ತಡವಾಗುತ್ತದೆ. ಕ್ಯಾಮಿಗೆ ಚಿಟಿಕೆಯಷ್ಟು ಗ್ರೀಸ್ ಹಚ್ಚದೆ ಹೊಸ ಪಾಯಿಂಟ್ ಹಾಕಿದ್ದರೆ ಈ ಸವೆತ ಬಹಳ ಬೇಗ ಆಗುತ್ತದೆ. ನಿಮ್ಮ ಗಾಡಿಗೆ ಆಗಿರುವುದು ಇದೇ ಇರಬಹುದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಪಾಯಿಂಟ್‌ನ ಮುಖಗಳು ಬೇಗನೆ ಸುಟ್ಟು ಗುಳಿ ಬೀಳುತ್ತಿದ್ದರೆ ಪಾಯಿಂಟ್ ತೆರೆಯುವಾಗ ಅದರ ಮುಖಗಳ ನಡುವೆ ಕಿಡಿ ಹಾರದಂತೆ ತಡೆಯುವ ಕಂಡೆನ್ಸರನ್ನೂ ಸಂಶಯಿಸಬೇಕು.

ಆದ್ದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಕೂರಿಸಿದ ಟೈಮಿಂಗ್ ಗ್ಯಾಪ್ ತಿದ್ದಿದ ಕೂಡಲೇ ಕೆಡುತ್ತದೆ. ಫೈಬರ್ ತುಂಡು ಕ್ಯಾಮಿನ ಉಬ್ಬಿನ ನೆತ್ತಿಯ ಮೇಲೆ ಬಂದಾಗ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಇಟ್ಟು ಅಳೆಯಬೇಕು. ಆ ಕಾಲದ ಕಾರುಗಳಲ್ಲಿ ಈ ಗ್ಯಾಪ್ ಸಾಮಾನ್ಯವಾಗಿ 0.35ರಿಂದ 0.5 ಮಿ.ಮೀ. ಒಳಗೆ ಇರುತ್ತದೆಯಾದರೂ ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಅಂಕಿಯನ್ನೇ ಅನುಸರಿಸಿರಿ. ಬಳಿಕ ಮೊದಲನೆಯ ಸಿಲಿಂಡರಿನ ಪ್ಲಗ್ ಬಿಚ್ಚಿ, ಆ ರಂಧ್ರದ ಮೇಲೆ ಹೆಬ್ಬೆರಳಿಟ್ಟು, ಟಾಪ್ ಗೇರಿನಲ್ಲಿ ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿಸಿರಿ. ಗಾಳಿ ಬೆರಳನ್ನು ಒತ್ತತೊಡಗಿದಾಗ ಎಂಜಿನ್ನಿನ ಮುಂದಿನ ಪುಲ್ಲಿಯ ಗುರುತು ಕೈಪಿಡಿ ಹೇಳಿದ ಜಾಗಕ್ಕೆ ಬರುವಂತೆ ನಿಲ್ಲಿಸಬೇಕು. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವಾಯರಿನ ಟರ್ಮಿನಲ್‌ಗೂ ಬಾಡಿಗೂ ನಡುವೆ 12 ವೋಲ್ಟಿನ ಸಣ್ಣ ಬಲ್ಬ್ ಜೋಡಿಸಿ, ಇಗ್ನಿಷನ್ ಹಾಕಿ, ಡಿಸ್ಟ್ರಿಬ್ಯೂಟರನ್ನು ರೋಟರ್ (ಕ್ಯಾಪ್‌ನ ಒಳಗೆ ತಿರುಗುತ್ತಾ ಕಿಡಿ ಹಂಚುವ ತುಂಡು) ತಿರುಗುವ ದಿಕ್ಕಿಗೆ ವಿರುದ್ಧವಾಗಿ ನಿಧಾನವಾಗಿ ತಿರುಗಿಸುವಾಗ ಬಲ್ಬ್ ಹೊತ್ತಿದ ಕ್ಷಣದಲ್ಲೇ ಬೋಲ್ಟ್ ಬಿಗಿಯಬೇಕು. ಪಾಯಿಂಟ್ ಮುಚ್ಚಿರುವಾಗ ಇಗ್ನಿಷನ್ ಬಹಳ ಹೊತ್ತು ಹಾಕಿಟ್ಟರೆ ಕಾಯಿಲ್ ಬಿಸಿಯಾಗುತ್ತದೆ, ಎಚ್ಚರವಿರಲಿ.

ಇಷ್ಟರ ಮೇಲೂ ಟೈಮಿಂಗ್ ನಿಲ್ಲದಿದ್ದರೆ ಕ್ಯಾಪ್ ತೆಗೆದು ಡಿಸ್ಟ್ರಿಬ್ಯೂಟರಿನ ಶಾಫ್ಟನ್ನು ಎಡಬಲಕ್ಕೆ ಅಲುಗಿಸಿ ನೋಡಿರಿ. ನನ್ನ ಹಳೆಯ ಅಂಬಾಸಿಡರ್ ಹೀಗೆಯೇ ಒಂದು ಮಳೆಗಾಲವಿಡೀ ಕಾಡಿತ್ತು. ಹುಬ್ಬಳ್ಳಿಯ ಇಬ್ಬರು ಮೇಸ್ತ್ರಿಗಳು ಸರದಿಯಂತೆ ಟೈಮಿಂಗ್ ಕೂರಿಸಿದರು, ಕೊನೆಗೆ ನೋಡಿದರೆ ಶಾಫ್ಟಿನ ಬುಷ್ (ಶಾಫ್ಟ್ ತಿರುಗುವ ಲೋಹದ ಕೊಳವೆ) ಸವೆದು ಒಂದೊಂದು ಸಿಲಿಂಡರಿಗೆ ಒಂದೊಂದು ಗ್ಯಾಪ್ ಆಗಿತ್ತು. ಇಂಥ ಡಿಸ್ಟ್ರಿಬ್ಯೂಟರಿಗೆ ಟೈಮಿಂಗ್ ಲೈಟ್ (ಕಿಡಿಯ ಜೊತೆಗೇ ಮಿಂಚುವ ದೀಪ) ಹಿಡಿದರೆ ಪುಲ್ಲಿಯ ಗುರುತು ಒಂದೆಡೆ ನಿಲ್ಲದೆ ನಡುಗುತ್ತದೆ. ಪುಲ್ಲಿಯನ್ನು ಹಿಂದೆ ಮುಂದೆ ತುಸು ತಿರುಗಿಸಿದಾಗ ರೋಟರ್ ಹೊರಡಲು ತಡ ಮಾಡಿದರೆ ಟೈಮಿಂಗ್ ಚೈನ್ ಸಡಿಲಾಗಿರಬಹುದು.

ಎರಡೂ ಸಲ ಗ್ಯಾರೇಜಿನವರು ಟೈಮಿಂಗನ್ನು ಹೆಚ್ಚು ಅಡ್ವಾನ್ಸ್ ಮಾಡಿ, ಅಂದರೆ ಕಿಡಿ ಬೇಕಾದುದಕ್ಕಿಂತ ಬೇಗ ಹಾರುವಂತೆ ಮಾಡಿ, ಕೊಟ್ಟಿರುವ ಸಾಧ್ಯತೆಯೂ ಇದೆ. ಸೆಲ್ಫ್ ಹೊಡೆದಾಗ, ಅದರಲ್ಲೂ ಎಂಜಿನ್ ಬಿಸಿಯಿರುವಾಗ, ಅದು ಹಿಂದಕ್ಕೆ ಒದ್ದಂತೆ ತಡೆದು ನಿಂತರೆ, ನೃಪತುಂಗ ಬೆಟ್ಟದಂಥ ಏರಿನಲ್ಲಿ ಟಾಪ್ ಗೇರಿನಲ್ಲಿ ಕಟಕಟ ನಾಕಿಂಗ್ ಕೇಳಿಸಿದರೆ, ಅದು ಅಡ್ವಾನ್ಸ್ ಆದ ಲಕ್ಷಣ. ಪಿಸ್ಟನ್ನಿಗೆ ಅಪಾಯವಿರುವುದರಿಂದ ಹಾಗೆಯೇ ಓಡಿಸಬೇಡಿರಿ. ಒದೆತ ಮಾತ್ರ ಇದ್ದು ಟೈಮಿಂಗ್ ಸರಿಯಿದ್ದರೆ ಎಂಜಿನ್ ವೇಗ ಹೆಚ್ಚಿದಂತೆ ಕಿಡಿಯನ್ನು ಬೇಗ ತರುವ, ಡಿಸ್ಟ್ರಿಬ್ಯೂಟರಿನೊಳಗಿನ ಅಡ್ವಾನ್ಸ್ ತೂಕಗಳು ಜಿಡ್ಡು ಹಿಡಿದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು. ರೋಟರನ್ನು ಕೈಯಿಂದ ಅದು ತಿರುಗುವ ದಿಕ್ಕಿಗೆ ತುಸು ತಿರುಗಿಸಿ ಬಿಟ್ಟರೆ ಸ್ಪ್ರಿಂಗಿನ ಬಲಕ್ಕೆ ತಟ್ಟನೆ ಹಿಂದಕ್ಕೆ ಬರಬೇಕು. ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಟೈಮಿಂಗ್ ಮಾಡಿ ಎನ್ನುವ ಬದಲು, ಬುಷ್ ನೋಡಿ, ಪಾಯಿಂಟ್ ಗ್ಯಾಪ್ ಅಳೆದು ತೋರಿಸಿ, ಕ್ಯಾಮಿಗೆ ಗ್ರೀಸ್ ಹಚ್ಚಿ ಎಂದು ಕೇಳಿ, ಆ ಕೆಲಸ ಮುಗಿಯುವವರೆಗೆ ಬಾನೆಟ್ ಬಳಿಯೇ ನಿಂತಿರಿ.